‘ಓಟು ಹಾಳು’ ಎಂದು ಹೆದರಿಸುವವರಿಗೆ

2022ರ ಅಕ್ಟೋಬರ್ 31ರಂದು ವಿಜಯಪುರ ಮಹಾನಗರ ಪಾಲಿಕೆಯ ಫಲಿತಾಂಶ ಬಂದ ದಿನ ಎಲ್ಲರ ಬಾಯಲ್ಲೂ ಎರಡೇ ಅಂಕಿ ಓಡಾಡಿದವು. ಬಿಜೆಪಿ 17, ಕಾಂಗ್ರೆಸ್ 10. ಪಾಲಿಕೆಯಲ್ಲಿರುವುದು 35 ವಾರ್ಡು. ಉಳಿದ ಎಂಟು ವಾರ್ಡುಗಳ ಜನ ಯಾರನ್ನು ಆರಿಸಿದರು ಎಂದು ಕೇಳಿದವರು ಕಡಿಮೆ. ಐವರು ಪಕ್ಷೇತರರು, ಇಬ್ಬರು ಎಐಎಂಐಎಂ, ಒಬ್ಬರು ಜೆಡಿಎಸ್. ಹದಿನೇಳು ಗೆದ್ದವರಿಗೆ ಬಹುಮತಕ್ಕೆ ಒಂದು ಸ್ಥಾನ ಕಡಿಮೆ ಬಿತ್ತು, ಹತ್ತು ಗೆದ್ದವರಿಗೆ ಎಂಟು ಕಡಿಮೆ ಬಿದ್ದವು. ಪ್ರಚಾರದ ದಿನಗಳಲ್ಲಿ ಯಾರನ್ನು ‘ಲೆಕ್ಕಕ್ಕಿಲ್ಲ’ ಎಂದು ಪಕ್ಕಕ್ಕೆ ಸರಿಸಿದ್ದರೋ, ಇಡೀ ಪಾಲಿಕೆಯ ಲೆಕ್ಕ ಅವರ ಕೈಗೇ ಬಂದು ನಿಂತಿತು.

ಹಾಗಿದ್ದೂ ಪ್ರತಿ ಚುನಾವಣೆಯಲ್ಲಿ ಅದೇ ಮಾತು ಓಣಿ ಓಣಿ ತಿರುಗುತ್ತದೆ. ‘ಆಂವ ಮನಷ್ಯಾ ಚಲೋ ಅದಾನ, ಆದ್ರ ಆರಿಸಿ ಬರಂಗಿಲ್ಲ. ಓಟು ಹಾಳ ಮಾಡಿಕೋಬ್ಯಾಡ್ರಿ.’ ಕಟ್ಟೆಯ ಮೇಲೆ ಕುಳಿತ ಹಿರಿಯರು ಇದನ್ನು ಬುದ್ಧಿವಾದ ಎಂದು ಹೇಳುತ್ತಾರೆ, ಕೇಳುವ ಹುಡುಗರು ಹಾಗೆಂದೇ ನಂಬುತ್ತಾರೆ. ನನಗೆ ಇದು ಬೆದರಿಕೆಯಾಗಿ ಕೇಳುತ್ತದೆ. ಮನುಷ್ಯ ಒಳ್ಳೆಯವನು ಎಂದು ಒಪ್ಪಿಕೊಂಡ ಉಸಿರಿನಲ್ಲೇ ಅವನಿಗೆ ಮತ ಕೊಡಬೇಡಿ ಎನ್ನುವ ಮಾತು ಅದು. ಗೆದ್ದೆತ್ತಿನ ಬಾಲ ಹಿಡಿಯುವುದೇ ನಾಗರಿಕರ ಕೆಲಸ ಎಂದಾದರೆ ಮತಪೆಟ್ಟಿಗೆ ಇಡುವುದಾದರೂ ಯಾಕೆ?

ಲೋಕಸಭೆ, ವಿಧಾನಸಭೆ ಚುನಾವಣೆಯಲ್ಲಿ ಈ ವಾದಕ್ಕೆ ಒಂದಿಷ್ಟು ಬಲ ಇದೆ. ಅಲ್ಲಿ ಸರ್ಕಾರ ಯಾರದ್ದು ಎಂಬ ಪ್ರಶ್ನೆ ಇರುತ್ತದೆ, ಮತ ಒಡೆದರೆ ಬೇಡವಾದವರು ಬಂದು ಕೂರುವ ಭಯವೂ ಇರುತ್ತದೆ. ವಾರ್ಡು ಬೇರೆ. 2011ರ ಜನಗಣತಿಯ ಹೊತ್ತಿಗೇ ವಿಜಯಪುರದ ಜನಸಂಖ್ಯೆ ಮೂರು ಲಕ್ಷ ದಾಟಿತ್ತು. 35ರಿಂದ ಭಾಗಿಸಿದರೆ ವಾರ್ಡಿಗೆ ಸರಾಸರಿ ಒಂಬತ್ತು ಸಾವಿರಕ್ಕಿಂತ ತುಸು ಹೆಚ್ಚು. ಅವರಲ್ಲಿ ಮತದಾರರು ಇನ್ನೂ ಕಡಿಮೆ, ಮತಗಟ್ಟೆಗೆ ಬರುವವರು ಅದಕ್ಕಿಂತಲೂ ಕಡಿಮೆ. ನಾಲ್ಕೈದು ಮಂದಿ ಕಣದಲ್ಲಿದ್ದರೆ ಒಂದೆರಡು ಸಾವಿರ ಮತ ಪಡೆದವರೂ ಗೆಲ್ಲಬಹುದು. ಮನೆಮನೆಗೆ ನಡೆದೇ ಮುಟ್ಟಬಹುದಾದ ಸಂಖ್ಯೆ ಇದು. ಇಂಥ ಕಡೆ ‘ಗೆಲ್ಲುವುದಿಲ್ಲ’ ಎಂದು ಮೊದಲೇ ತೀರ್ಪು ಕೊಡುವುದು ಎಂದರೆ ಸೋಲಿಸುವ ಕೆಲಸವನ್ನು ಅಲ್ಲಿಂದಲೇ ಶುರು ಮಾಡಿದ ಹಾಗೆ.

ವಾರ್ಡಿನ ಸದಸ್ಯರಿಂದ ನಾವು ಕೇಳುವುದಾದರೂ ಏನು? ಕೃಷ್ಣೆಯ ನೀರು ಕೊಲ್ಹಾರದ ಕಡೆಯಿಂದ ಪೈಪಿನಲ್ಲಿ ನಗರಕ್ಕೆ ಬರುತ್ತದೆ, ಆಲಮಟ್ಟಿ ಜಲಾಶಯ ಇರುವುದು ಇದೇ ಜಿಲ್ಲೆಯಲ್ಲಿ. ಆದರೂ ನಳ ಯಾವ ದಿನ ಬರುತ್ತದೆ ಎಂದು ಪಕ್ಕದ ಮನೆಯವರನ್ನು ವಿಚಾರಿಸುವ ಓಣಿಗಳು ಇವೆ. ಗಟಾರ ತುಂಬಿ ರಸ್ತೆಗೆ ಹರಿಯುತ್ತದೆ, ಬೀದಿದೀಪ ಕೆಟ್ಟರೆ ತಿಂಗಳುಗಟ್ಟಲೆ ಕತ್ತಲು, ಹೊಸ ಬಡಾವಣೆಗಳಲ್ಲಿ ಮೊದಲ ಮಳೆಗೇ ಕೆಸರು. ಆದಿಲ್‌ಶಾಹಿ ಕಾಲದ ಬಾವಡಿಗಳನ್ನೂ ಕೋಟೆಗೋಡೆಯನ್ನೂ ಕಸದಿಂದ ಕಾಪಾಡುವ ಹೊಣೆ ಈ ಊರಿನ ಮೇಲೆ ಹೆಚ್ಚುವರಿಯಾಗಿ ಇದೆ. ಇವುಗಳಲ್ಲಿ ಯಾವುದಕ್ಕೂ ದಿಲ್ಲಿಯ ನಾಯಕರ ಭಾವಚಿತ್ರ ಬೇಕಿಲ್ಲ. ಬೆಳಿಗ್ಗೆ ಆರಕ್ಕೆ ವಾಲ್ವ್‌ಮ್ಯಾನ್‌ಗೆ ಫೋನ್ ಮಾಡುವವರು ಬೇಕು, ಪಾಲಿಕೆಯ ಎಂಜಿನಿಯರ್ ಮುಂದೆ ಕಡತ ಹಿಡಿದು ನಿಲ್ಲುವವರು ಬೇಕು.

ಪೇಟೆ ಬಿಟ್ಟು ಅಥಣಿ ರಸ್ತೆ ಹಿಡಿದು ತಿಕೋಟಾ ಕಡೆಗೆ ಹೋದರೆ, ಇತ್ತ ಬಬಲೇಶ್ವರದ ಹಳ್ಳಿಗಳಿಗೆ ಬಂದರೆ, ಬೇರೆಯೇ ಪದ್ಧತಿ ಕಾಣುತ್ತದೆ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ. 2020ರ ಡಿಸೆಂಬರ್‌ನಲ್ಲಿ ದ್ರಾಕ್ಷಿ ಬೆಳೆಯುವ ಆ ಊರುಗಳ ಜನ ಮತ ಹಾಕಿದ್ದು ಆಟೊ, ಟ್ರ್ಯಾಕ್ಟರ್, ತೆಂಗಿನಕಾಯಿಯಂಥ ಗುರುತುಗಳಿಗೆ, ಅವುಗಳ ಹಿಂದಿದ್ದ ಪರಿಚಯದ ಮುಖಕ್ಕೆ. ಗೆದ್ದ ಮೇಲೆ ‘ನಮ್ಮ ಬೆಂಬಲಿತರು’ ಎಂದು ಪಕ್ಷಗಳು ಎಣಿಸಿಕೊಳ್ಳುತ್ತವೆ, ಅದು ನಿಜ. ಆದರೂ ನಿಂತವರು ಯಾರ ಮಗ, ಯಾರ ಸೊಸೆ, ಕಳೆದ ಬರಗಾಲದಲ್ಲಿ ಟ್ಯಾಂಕರ್ ತರಿಸಿದವರು ಯಾರು ಎಂಬುದರ ಮೇಲೆ ಮತ ಬೀಳುತ್ತದೆ. ಅದೇ ಹಳ್ಳಿಯ ಕುಟುಂಬ ಮಕ್ಕಳ ಓದಿಗೆಂದು ವಿಜಯಪುರದಲ್ಲಿ ಬಾಡಿಗೆ ಮನೆ ಹಿಡಿದು ಇಲ್ಲಿನ ಮತದಾರರ ಪಟ್ಟಿಗೆ ಸೇರಿದ ಮೇಲೆ, ಮನುಷ್ಯನನ್ನು ನೋಡುವ ಆ ಕಣ್ಣನ್ನು ಊರಲ್ಲೇ ಬಿಟ್ಟು ಬರಬೇಕೆಂದು ನಾವು ಒತ್ತಾಯಿಸುತ್ತೇವೆ. ಹಳ್ಳಿಯಲ್ಲಿ ಸರಿಯಾಗಿದ್ದ ವಿವೇಚನೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಬಸ್ಸಿನಲ್ಲಿ ಬಂದ ಮಾತ್ರಕ್ಕೆ ತಪ್ಪಾಗುವುದು ಹೇಗೆ?

ಚಿಹ್ನೆ ತೆಗೆದುಹಾಕಿದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಬೆಳಗಾವಿ ಪಾಲಿಕೆಯಲ್ಲಿ ದಶಕಗಳ ಕಾಲ ಪಕ್ಷದ ಚಿಹ್ನೆ ಇರಲಿಲ್ಲ. ಅಲ್ಲಿ ಕನ್ನಡ–ಮರಾಠಿ ಗುಂಪುಗಳೇ ಪಕ್ಷಗಳಾಗಿದ್ದವು, ಗಟಾರದ ಮಾತು ಗಡಿ ಜಗಳದಲ್ಲಿ ಮುಳುಗಿಹೋಗುತ್ತಿತ್ತು. 2021ರಲ್ಲಿ ಮೊದಲ ಸಲ ಪಕ್ಷಗಳ ಚಿಹ್ನೆಯ ಮೇಲೆ ಚುನಾವಣೆ ನಡೆದು 58ರಲ್ಲಿ 35 ವಾರ್ಡು ಬಿಜೆಪಿಗೆ ಹೋದವು. ಅದೇ ವರ್ಷ ಕಲಬುರಗಿಯಲ್ಲಿ 55ರಲ್ಲಿ ಕಾಂಗ್ರೆಸ್‌ಗೆ 27, ಬಿಜೆಪಿಗೆ 23 ಬಂದು ಜೆಡಿಎಸ್‌ನ ನಾಲ್ವರ ಮೇಲೆ ಎಲ್ಲರ ಕಣ್ಣು ನೆಟ್ಟಿತು. ಪಕ್ಷ ಇರಲಿ, ಬೇಡ ಎನ್ನುವವರು ಯಾರು? ಪಕ್ಷ ಇಲ್ಲದವರೂ, ಚಿಕ್ಕ ಪಕ್ಷದವರೂ ಸಮಾನವಾಗಿ ನಿಲ್ಲುವಂತಿರಲಿ ಎಂಬುದಷ್ಟೇ ನನ್ನ ಬೇಡಿಕೆ.

ಈಗ ಆ ಸಮಾನತೆ ಇಲ್ಲ. ಕಮಲ, ಕೈ ಗುರುತುಗಳು ವರ್ಷವಿಡೀ ಗೋಡೆಯ ಮೇಲಿರುತ್ತವೆ. ಪಕ್ಷೇತರರಿಗೂ ಮಾನ್ಯತೆ ಇಲ್ಲದ ಪಕ್ಷದವರಿಗೂ ಗುರುತು ಸಿಗುವುದು ನಾಮಪತ್ರ ಹಿಂಪಡೆಯುವ ಗಡುವು ಮುಗಿದ ಮೇಲೆ. ಅಲ್ಲಿಂದ ಮತದಾನಕ್ಕೆ ಉಳಿಯುವುದು ಕೆಲವೇ ದಿನ. ಅಷ್ಟರಲ್ಲಿ ಓದು ಬಾರದ ಅಜ್ಜಿಗೆ ‘ಯವ್ವಾ, ನಮ್ಮದು ಈ ಗುರ್ತು’ ಎಂದು ತೋರಿಸಿ ನೆನಪಿನಲ್ಲಿ ಉಳಿಸಬೇಕು, ಕರಪತ್ರ ಅಚ್ಚು ಹಾಕಿಸಬೇಕು, ಮತಗಟ್ಟೆಗೆ ಏಜೆಂಟರನ್ನು ಹುಡುಕಬೇಕು. ಮತಯಂತ್ರದಲ್ಲೂ ಅವರ ಹೆಸರು ಕೆಳಗಿರುತ್ತದೆ. ಇಷ್ಟು ತೊಡಕು ದಾಟಿ ಐವರು ಪಕ್ಷೇತರರು 2022ರಲ್ಲಿ ಗೆದ್ದು ಬಂದದ್ದು ಸಣ್ಣ ಸಾಧನೆಯಲ್ಲ.

ಟಿಕೆಟ್ ಸಿಗದಿದ್ದಾಗ ಇದೇ ಪಕ್ಷೇತರ ಬಾಗಿಲನ್ನು ದೊಡ್ಡವರೂ ತಟ್ಟಿದ್ದಾರೆ. ಇಂದು ವಿಜಯಪುರ ನಗರದ ಶಾಸಕರಾಗಿರುವ ಬಸನಗೌಡ ಪಾಟೀಲ ಯತ್ನಾಳ 2015ರಲ್ಲಿ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ವಿಧಾನ ಪರಿಷತ್ತಿಗೆ ಗೆದ್ದದ್ದು ಪಕ್ಷೇತರರಾಗಿ. ಅವರಿಗೆ ಮತ ಹಾಕಿದವರು ಇದೇ ಸೀಮೆಯ ಪಂಚಾಯಿತಿ, ಪುರಸಭೆಗಳ ಸದಸ್ಯರು. ಮುಂದೆ ಬಿಜೆಪಿಯಿಂದ ಎರಡು ಸಲ ಶಾಸಕರಾದರು, 2025ರ ಮಾರ್ಚ್‌ನಲ್ಲಿ ಆ ಪಕ್ಷ ಅವರನ್ನು ಉಚ್ಚಾಟಿಸಿತು. ಬಬಲೇಶ್ವರದಲ್ಲಿ 2013ರಲ್ಲಿ ಕಾಂಗ್ರೆಸಿನ ಎಂ.ಬಿ. ಪಾಟೀಲರಿಗೆ ಹತ್ತಿರದ ಪೈಪೋಟಿ ಕೊಟ್ಟದ್ದು ಜೆಡಿಎಸ್ ಅಭ್ಯರ್ಥಿ. ಆ ಯಾವ ಮತವನ್ನೂ ಹಾಳಾದ ಮತ ಎಂದು ಯಾರೂ ಕರೆಯಲಿಲ್ಲ. ಹೆಸರು, ಹಣ, ಮನೆತನ ಇದ್ದವರು ದೊಡ್ಡ ಪಕ್ಷಗಳ ಹೊರಗೆ ನಿಂತರೆ ಧೈರ್ಯ, ಕಿರಾಣಿ ಅಂಗಡಿಯವನೋ ಅಂಗನವಾಡಿ ಬಿಟ್ಟು ಬಂದ ಹೆಣ್ಣುಮಗಳೋ ನಿಂತರೆ ಹುಚ್ಚು ಎನ್ನುವ ಈ ಎರಡು ಅಳತೆ ನನಗೆ ಸಿಟ್ಟು ತರಿಸುತ್ತದೆ.

ಇನ್ನೊಂದು ಆರೋಪ ‘ಬಿ ಟೀಮ್’. ಎಐಎಂಐಎಂ ನಿಂತರೆ ಬಿಜೆಪಿಗೆ ಲಾಭ, ಅದಕ್ಕಾಗಿಯೇ ನಿಲ್ಲುತ್ತಾರೆ ಎಂದು ಕಾಂಗ್ರೆಸಿನವರು ರಾಜ್ಯದುದ್ದಕ್ಕೂ ಹೇಳುತ್ತ ಬಂದಿದ್ದಾರೆ. ಆ ಪಕ್ಷದ ಧೋರಣೆಯ ಬಗ್ಗೆ ನನಗೂ ತಕರಾರುಗಳಿವೆ. ಆದರೆ ವಿಜಯಪುರದಲ್ಲಿ ನಡೆದದ್ದನ್ನು ನೋಡಿ. 2024ರ ಜನವರಿಯಲ್ಲಿ ಮೇಯರ್ ಸ್ಥಾನಕ್ಕೆ ಆಯ್ಕೆಯಾದದ್ದು ಕಾಂಗ್ರೆಸಿನ ಮೆಹಜಬೀನ್ ಹೊರ್ತಿ. ಹತ್ತೇ ಸದಸ್ಯರಿದ್ದ ಪಕ್ಷಕ್ಕೆ ಮೇಯರ್ ಗೌನು ತನ್ನ ಸ್ವಂತ ಬಲದಿಂದ ಬರಲಿಲ್ಲ. ಮತ ಒಡೆಯುವವರು ಎಂದು ಬೈಸಿಕೊಂಡ ಸಾಲಿನವರ ಕೈ ಇಲ್ಲದೆ ಅದು ಆಗುತ್ತಿರಲಿಲ್ಲ. ಚುನಾವಣೆಗೆ ಮುಂಚೆ ಬೈಗುಳ, ಫಲಿತಾಂಶದ ಮರುದಿನ ಮನೆ ಬಾಗಿಲಿಗೆ ಹಾರ. ಈ ನಡವಳಿಕೆಯನ್ನು ದೊಡ್ಡ ಪಕ್ಷಗಳು ಬಿಡಬೇಕು.

ಪಾಲಿಕೆಯ ಚುನಾವಣೆಗೂ ಮೇಯರ್ ಆಯ್ಕೆಗೂ ಆದ ವಿಳಂಬವನ್ನೂ ಗಮನಿಸಿ. 2019ರಲ್ಲಿ ಹಿಂದಿನ ಆಡಳಿತ ಮಂಡಳಿಯ ಅವಧಿ ಮುಗಿಯಿತು. ಸಂವಿಧಾನದ 74ನೇ ತಿದ್ದುಪಡಿಯ ಪ್ರಕಾರ ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಆಗಬೇಕಿತ್ತು. ಆದದ್ದು 2022ರ ಅಕ್ಟೋಬರ್ 28ಕ್ಕೆ. ಗೆದ್ದವರು ಮೇಯರ್ ಆಯ್ಕೆಗೆ ಮತ್ತೆ ಹದಿನಾಲ್ಕು ತಿಂಗಳಿಗೂ ಹೆಚ್ಚು ಕಾದರು. ಅಷ್ಟು ಕಾಲ ವಾರ್ಡಿಗೆ ಸದಸ್ಯರಿದ್ದೂ ಸಭೆ ಇಲ್ಲ, ಸ್ಥಾಯಿ ಸಮಿತಿ ಇಲ್ಲ, ಆಡಳಿತವೆಲ್ಲ ಅಧಿಕಾರಿಗಳ ಕೈಯಲ್ಲಿ. ವಿಜಯಪುರದಲ್ಲಿ ಮತ ಹಾಳಾದದ್ದು ನಿಜವೇ. ಅದು ಹಾಳಾದದ್ದು ಇಲ್ಲಿ, ಮೂವತ್ತೈದೂ ವಾರ್ಡುಗಳ ಎಲ್ಲರ ಮತವೂ, ಗೆದ್ದವರಿಗೆ ಹಾಕಿದ್ದೂ ಸೇರಿ. ‘ಓಟು ಹಾಳು ಮಾಡಬೇಡಿ’ ಎಂದು ಮನೆಮನೆಗೆ ಬಂದ ಎರಡೂ ಪಕ್ಷಗಳು ಈ ನಷ್ಟಕ್ಕೆ ಜನರಿಗೆ ಉತ್ತರ ಕೊಟ್ಟಿಲ್ಲ. ಆ ವರ್ಷಗಳಲ್ಲಿ ರಾಜ್ಯದಲ್ಲಿ ಸರ್ಕಾರ ನಡೆಸಿದವರು ಸರದಿಯಂತೆ ಅವರೇ.

ಸಣ್ಣವರ ಪರ ಮಾತಾಡುವಾಗ ಅವರ ತಪ್ಪನ್ನು ಮುಚ್ಚಿಡುವುದು ನ್ಯಾಯವಲ್ಲ. ಆಸ್ತಿ ವಿವರವನ್ನು ಕಾನೂನಿನಂತೆ ಸಲ್ಲಿಸಲಿಲ್ಲ ಎಂಬ ಕಾರಣಕ್ಕೆ 2025ರಲ್ಲಿ ಪ್ರಾದೇಶಿಕ ಆಯುಕ್ತರು ಪಾಲಿಕೆಯ ಎಲ್ಲ 35 ಸದಸ್ಯರನ್ನೂ ಅನರ್ಹಗೊಳಿಸಿ ಆದೇಶ ಹೊರಡಿಸಿದ್ದರು. ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಕಾನೂನಿನ ವಾದ ಏನೇ ಇರಲಿ, ಆ ಪಟ್ಟಿಯಲ್ಲಿ ಕಮಲ, ಕೈಗಳ ಜೊತೆ ಪಕ್ಷೇತರರ ಹೆಸರೂ ಇತ್ತು ಎಂಬುದು ನೋವಿನ ಸಂಗತಿ. ‘ನಾವು ಬೇರೆ’ ಎಂದು ಮತ ಕೇಳಿದವರು ಒಂದು ಹಾಳೆಯ ವಿಷಯದಲ್ಲಾದರೂ ಬೇರೆಯಾಗಿ ನಡೆದುಕೊಳ್ಳಬೇಕಿತ್ತು.

ಪಕ್ಷೇತರರು ಗೆದ್ದ ಮೇಲೆ ತಮ್ಮನ್ನು ಮಾರಿಕೊಳ್ಳುತ್ತಾರೆ ಎಂಬ ಅನುಮಾನವೂ ಜನರಲ್ಲಿದೆ, ಮತ್ತು ರೆಸಾರ್ಟ್ ರಾಜಕಾರಣ ಕಂಡ ಕರ್ನಾಟಕದಲ್ಲಿ ಅದು ಸುಮ್ಮನೆ ಹುಟ್ಟಿದ್ದಲ್ಲ. ರಾಜ್ಯದ ಸ್ಥಳೀಯ ಸಂಸ್ಥೆಗಳಿಗೆಂದೇ 1987ರ ಪಕ್ಷಾಂತರ ನಿಷೇಧ ಕಾಯ್ದೆ ಇದೆ. ಪಕ್ಷದಿಂದ ಗೆದ್ದವರು ವಿಪ್ ಮೀರಿದರೆ ಸದಸ್ಯತ್ವ ಹೋಗುತ್ತದೆ, ಪಕ್ಷೇತರರು ಗೆದ್ದ ಮೇಲೆ ಪಕ್ಷ ಸೇರಿದರೂ ಹೋಗುತ್ತದೆ. ಅಂದರೆ ಮೇಯರ್ ಆಯ್ಕೆಯ ದಿನ ತನ್ನ ಕೈಯನ್ನು ತಾನೇ ಎತ್ತುವ ಸ್ವಾತಂತ್ರ್ಯ ಇರುವುದು ಪಕ್ಷೇತರ ಸದಸ್ಯರಿಗೆ ಮಾತ್ರ. ಆ ಸ್ವಾತಂತ್ರ್ಯವನ್ನು ವಾರ್ಡಿನ ಪೈಪ್‌ಲೈನಿಗೆ, ಶಾಲೆಯ ಶೌಚಾಲಯಕ್ಕೆ, ಪೌರಕಾರ್ಮಿಕರ ಮನೆಗೆ ಬಳಸಲಿ, ಬಹಿರಂಗವಾಗಿ ಷರತ್ತು ಹಾಕಿ ಬಳಸಲಿ. ಓಣಿಯ ಜನರನ್ನು ಸೇರಿಸಿ, ಇಂತಿಂಥ ಕೆಲಸಕ್ಕೆ ಒಪ್ಪಿದವರಿಗೆ ನನ್ನ ಬೆಂಬಲ ಎಂದು ಬರೆದು ಓದಿ ಹೇಳಲಿ. ಬಾಗಿಲು ಮುಚ್ಚಿ ಮಾತಾಡಿದ ದಿನವೇ ಅವರು ನಮ್ಮವರಾಗಿ ಉಳಿಯುವುದಿಲ್ಲ.

ಇದಕ್ಕೆ ದಾರಿ ಕಾನೂನಿನಲ್ಲೇ ಇದೆ. ಪಾಲಿಕೆ ಕಾಯ್ದೆ ಪ್ರತಿ ವಾರ್ಡಿಗೂ ಹತ್ತು ಜನ ನಾಗರಿಕರ ವಾರ್ಡ್ ಸಮಿತಿ ಇರಬೇಕು ಎನ್ನುತ್ತದೆ. ಅದರಲ್ಲಿ ಮಹಿಳೆಯರಿಗೆ, ಪರಿಶಿಷ್ಟರಿಗೆ, ನಿವಾಸಿಗಳ ಸಂಘಗಳಿಗೆ ಜಾಗ ಇದೆ, ವಾರ್ಡಿನ ಸದಸ್ಯರೇ ಅಧ್ಯಕ್ಷರು. ಯಾವ ದೊಡ್ಡ ಪಕ್ಷವೂ ಇದನ್ನು ಉತ್ಸಾಹದಿಂದ ಮಾಡುವುದಿಲ್ಲ, ಏಕೆಂದರೆ ಸಮಿತಿ ಕುಳಿತರೆ ಕಾಮಗಾರಿಯ ಲೆಕ್ಕ ಕೇಳುತ್ತದೆ. ಕಾರ್ಯಕರ್ತರ ಪಡೆ ಇಲ್ಲದ ಸದಸ್ಯರಿಗೆ ಈ ಹತ್ತು ಜನವೇ ಬಲ.

ಪಕ್ಷ ಚಿಕ್ಕದಿದ್ದೂ ಊರು ಕಟ್ಟಿದವರು ಕರ್ನಾಟಕದಲ್ಲಿ ಇದ್ದರು. ದಾವಣಗೆರೆಯ ಪಂಪಾಪತಿ ಗಿರಣಿ ಕಾರ್ಮಿಕರ ನಡುವಿನಿಂದ ಬಂದ ಕಮ್ಯುನಿಸ್ಟ್. ನಗರಸಭೆಯ ಅಧ್ಯಕ್ಷರಾಗಿ ಮಾಡಿದ ಕೆಲಸಕ್ಕೆ ಆ ಊರಿನ ಹಿರಿಯರು ಇಂದಿಗೂ ಅವರ ಹೆಸರು ಹೇಳುತ್ತಾರೆ. ಸಿಪಿಐನಂಥ ಸಣ್ಣ ಪಕ್ಷದಿಂದ ಮೂರು ಸಲ ಶಾಸಕರೂ ಆದರು. ನಮ್ಮ ವಿಜಯಪುರದಲ್ಲೂ 2025ರಲ್ಲಿ ‘ಖಾಸಗಿ ಸಹಭಾಗಿತ್ವ ಬೇಡ, ಸಂಪೂರ್ಣ ಸರ್ಕಾರಿ ವೈದ್ಯಕೀಯ ಕಾಲೇಜು ಬೇಕು’ ಎಂದು ವಾರಗಟ್ಟಲೆ ಧರಣಿ ಕುಳಿತವರಲ್ಲಿ ಸಣ್ಣ ಸಂಘಟನೆಗಳ ಜನರಿದ್ದರು. ಬಿಸಿಲಿನಲ್ಲಿ ನಮ್ಮ ಪರ ಕೂರುವುದಕ್ಕೆ ಅವರು ಬೇಕು, ಮತ ಹಾಕುವ ದಿನ ಬೇಡ ಎನ್ನುವುದು ಯಾವ ನ್ಯಾಯ?

ತಿಕೋಟಾ, ಬಬಲೇಶ್ವರದ ಸ್ಥಿತಿ ನಗರದ್ದಕ್ಕಿಂತ ಗಂಭೀರ. ಒಂದು ಕಾಲಕ್ಕೆ ವಿಧಾನಸಭಾ ಕ್ಷೇತ್ರವೇ ಆಗಿದ್ದ ತಿಕೋಟಾ 2008ರ ಮರುವಿಂಗಡಣೆಯಲ್ಲಿ ಆ ಹೆಸರು ಕಳೆದುಕೊಂಡಿತು. ಎರಡೂ ಊರು 2018ರಲ್ಲಿ ತಾಲ್ಲೂಕು ಕೇಂದ್ರಗಳಾದವು, ಕಚೇರಿಗಳ ಬೋರ್ಡು ಬಂದವು. ಆದರೆ ರಾಜ್ಯದಲ್ಲಿ ಕೊನೆಯ ಸಲ ಜಿಲ್ಲಾ, ತಾಲ್ಲೂಕು ಪಂಚಾಯಿತಿ ಚುನಾವಣೆ ನಡೆದದ್ದು 2016ರಲ್ಲಿ, ಈ ಎರಡೂ ಊರು ಇನ್ನೂ ವಿಜಯಪುರ ತಾಲ್ಲೂಕಿನಲ್ಲಿದ್ದಾಗ. 2021ರಲ್ಲಿ ಅವಧಿ ಮುಗಿದ ಮೇಲೆ ಬಂದ ಸರ್ಕಾರಗಳು ಮರುವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎನ್ನುತ್ತ ಕಾಲ ತಳ್ಳಿದವು. ತಾಲ್ಲೂಕಾದ ಮೇಲೆ ತಮ್ಮ ತಾಲ್ಲೂಕು ಪಂಚಾಯಿತಿಗೆ ಒಂದು ಸಲವೂ ಮತ ಹಾಕದ ಜನ ಅಲ್ಲಿದ್ದಾರೆ. ಹೊಸಬರು, ಬಡವರು, ಮನೆತನದ ಬೆಂಬಲ ಇಲ್ಲದ ಹೆಣ್ಣುಮಕ್ಕಳು ರಾಜಕೀಯಕ್ಕೆ ಕಾಲಿಡುವ ಮೆಟ್ಟಿಲೇ ಅದು. ಅದನ್ನು ಕಿತ್ತು ಹಾಕಿದರೆ ಒಂದೇ ಮನೆತನದ ಮುಂದಿನ ತಲೆಮಾರು ಬಿಟ್ಟರೆ ಬೇರೆ ಯಾರೂ ಮೇಲೆ ಬರಲಾರರು.

ರಾಜ್ಯ ಸರ್ಕಾರ ಇನ್ನೂ ನೆಪ ಹೇಳದೆ ಈ ಎರಡು ತಾಲ್ಲೂಕುಗಳಿಗೆ ಅವುಗಳ ಪಂಚಾಯಿತಿಯನ್ನು ಆರಿಸಿಕೊಳ್ಳಲು ಬಿಡಲಿ. ರಾಜ್ಯ ಚುನಾವಣಾ ಆಯೋಗ ಸಣ್ಣ ಅಭ್ಯರ್ಥಿಗಳಿಗೆ ಚಿಹ್ನೆಯನ್ನು ಬೇಗ ಕೊಡುವ ದಾರಿ ಹುಡುಕಲಿ. ವಿಜಯಪುರದ ಮತದಾರರಲ್ಲಿ ನನ್ನ ವಿನಂತಿ ಇಷ್ಟು: ಮುಂದಿನ ಸಲ ನಿಮ್ಮ ಓಣಿಗೆ ಪಕ್ಷವಿಲ್ಲದ ಅಭ್ಯರ್ಥಿ ಬಂದರೆ ‘ಆರಿಸಿ ಬರ್ತೀಯೇನಪ್ಪಾ’ ಎಂದು ಕೇಳಬೇಡಿ. ಆಸ್ತಿ ವಿವರ ಪ್ರತಿ ವರ್ಷ ಕೊಡುತ್ತೀಯಾ, ವಾರ್ಡ್ ಸಮಿತಿ ಕೂರಿಸುತ್ತೀಯಾ, ಮೇಯರ್ ಆಯ್ಕೆಗೆ ಮುಂಚೆ ನಮ್ಮನ್ನು ಕೇಳುತ್ತೀಯಾ ಎಂದು ಕೇಳಿ. ಹೌದು ಎಂದವರು ಆ ಮಾತಿಗೆ ನಿಲ್ಲುವವರೆಂದು ನಿಮಗೆ ಅನಿಸಿದರೆ, ಯಾರಿಗೂ ಹೆದರದೆ ಅವರಿಗೇ ಮತ ಹಾಕಿ.