ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತಾ?

‘ಮೇಲಿನ ಹಲ್ಲು ಕೀಳಿಸಬೇಡಮ್ಮಾ, ಕಣ್ಣು ಹೋಗುತ್ತೆ.’ ಅಜ್ಜಿಯೋ, ಪಕ್ಕದ ಮನೆಯವರೋ ಹೇಳಿದ ಈ ಮಾತನ್ನು ನೀವೂ ಕೇಳಿರುತ್ತೀರಿ. ಬಸವೇಶ್ವರನಗರದಂಥ ಬಡಾವಣೆಯಲ್ಲಿ ದಂತವೈದ್ಯರ ಬೋರ್ಡಿಗೇನೂ ಬರವಿಲ್ಲ. ಮಗಳ ಹಲ್ಲಿಗೆ ಕ್ಲಿಪ್ ಹಾಕಿಸುತ್ತೀರಿ, ಅತ್ತೆಯ ಹಲ್ಲಿನ ಸೆಟ್‌ಗೆ ಓಡಾಡುತ್ತೀರಿ. ನಿಮ್ಮ ಹಲ್ಲು ನೋವಿನ ಸರದಿ ಬಂದಾಗ ಮಾತ್ರ ಲವಂಗ, ಒಂದು ಮಾತ್ರೆ, ‘ನಾಳೆ ನೋಡೋಣ ಬಿಡಿ’. ಅಲ್ವೇ?

ಕಣ್ಣಿನ ಭಯವನ್ನೇ ಮೊದಲು ನೋಡೋಣ. ಮುಖದ ಪ್ರತಿ ಬದಿಯಲ್ಲೂ ಟ್ರೈಜೆಮಿನಲ್ ಎಂಬ ನರವಿದೆ. ಅದಕ್ಕೆ ಮೂರು ಕವಲು. ಒಂದು ಹಣೆ ಮತ್ತು ಕಣ್ಣಿನ ಸುತ್ತ, ಇನ್ನೊಂದು ಮೇಲ್ದವಡೆಗೆ, ಮತ್ತೊಂದು ಕೆಳದವಡೆಗೆ. ಮೇಲಿನ ಹಲ್ಲಿನ ನೋವು ಕಣ್ಣಿನ ತನಕ ಸೆಳೆಯುವುದು ಇದೇ ಕಾರಣಕ್ಕೆ. ಆದರೆ ನೋಟ ಕೊಡುವ ನರವೇ ಬೇರೆ. ಹಲ್ಲು ಕೀಳಿಸಿದರೆ ಅದಕ್ಕೇನೂ ಆಗುವುದಿಲ್ಲ. ನಿಜ ಹೇಳಬೇಕೆಂದರೆ, ಕೀವು ತುಂಬಿದ ಹಲ್ಲನ್ನು ಹಾಗೇ ಬಿಟ್ಟರೇ ಸೋಂಕು ಮೇಲಕ್ಕೆ ಹರಡುವ ಅಪಾಯ!

ಈಚೆಗೆ ‘ಹೋಲಿಸ್ಟಿಕ್’ ದಂತ ಆರೈಕೆ ಎಂಬ ಮಾತು ಕಿವಿಗೆ ಬೀಳುತ್ತಿದೆ. ಈ ಹಲ್ಲು ಕಿಡ್ನಿಗೆ, ಆ ಹಲ್ಲು ಲಿವರ್‌ಗೆ ಎಂದು ತೋರಿಸುವ ಚಿತ್ರಪಟಗಳು ವಾಟ್ಸ್‌ಆ್ಯಪ್‌ನಲ್ಲೂ ಬರುತ್ತವೆ. ಅಂಗರಚನೆಯಲ್ಲಿ ಅಂಥ ದಾರಿ ಯಾವುದೂ ಇಲ್ಲ. ಹಾಗೆಂದು ಹಲ್ಲು ದೇಹದಿಂದ ಬೇರೆ ಎಂದುಕೊಳ್ಳಬೇಡಿ. ಹಲ್ಲಿನ ಒಳಗೂ ರಕ್ತನಾಳ, ನರಗಳಿವೆ. ಬೇರು ದವಡೆಯ ಮೂಳೆಯಲ್ಲಿ ಕೂತಿರುತ್ತದೆ. ನಂಟು ನಿಜವಾಗಿ ಎಲ್ಲಿದೆ ಎಂದು ತಿಳಿದುಕೊಂಡರೆ ಅದೇ ಸಮಗ್ರ ಆರೈಕೆ.

ಮೇಲಿನ ದವಡೆ ಹಲ್ಲುಗಳ ಬೇರಿನ ಮೇಲೆಯೇ ಸೈನಸ್ ಎಂಬ ಗಾಳಿಗೂಡಿದೆ. ನೆಗಡಿ ಕಟ್ಟಿಕೊಂಡಾಗ ಮೂರ್ನಾಲ್ಕು ಹಲ್ಲು ಒಟ್ಟಿಗೆ ನೋಯುವುದು ಅದಕ್ಕೇ. ಇನ್ನು ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ನೋಡಿ. ಆಡುವುದು ದವಡೆಯ ಕೀಲು. ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಅಲ್ಲಿ ನೋವಾಗಿ, ಕಿವಿನೋವು, ತಲೆನೋವು ಎನ್ನಿಸುತ್ತದೆ.

ವಸಡು ಮತ್ತು ಸಕ್ಕರೆ ಕಾಯಿಲೆಯ ನಂಟು ಎರಡೂ ಕಡೆಯದು. ಸಕ್ಕರೆ ಏರಿದರೆ ವಸಡು ಹಾಳಾಗುತ್ತದೆ. ವಸಡಿನ ಉರಿಯೂತ ಸಕ್ಕರೆಯನ್ನು ಹತೋಟಿಗೆ ಬಾರದಂತೆ ಮಾಡುತ್ತದೆ. ಹಲ್ಲುಜ್ಜುವಾಗ ರಕ್ತ ಬಂದರೆ ಬ್ರಷ್ ಬದಲಿಸಿ ಸುಮ್ಮನಾಗಬೇಡಿ.

‘ಒಂದು ಹೆರಿಗೆಗೆ ಒಂದು ಹಲ್ಲು’ ಎನ್ನುವುದೂ ತಪ್ಪು. ಮಗು ತಾಯಿಯ ಹಲ್ಲಿನಿಂದ ಕ್ಯಾಲ್ಸಿಯಂ ಕದಿಯುವುದಿಲ್ಲ. ಹಾರ್ಮೋನಿನಿಂದ ವಸಡು ಊದುತ್ತದೆ, ವಾಂತಿಯ ಹುಳಿ ಹಲ್ಲನ್ನು ಸವೆಸುತ್ತದೆ. ವಾಂತಿಯಾದ ಕೂಡಲೇ ನೀರಿನಿಂದ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಬ್ರಷ್ ಮಾಡಿ. ಬಸುರಿಯರು ಹಲ್ಲಿನ ಚಿಕಿತ್ಸೆಗೆ ಹೆದರಬೇಕಿಲ್ಲ. ನಾಲ್ಕರಿಂದ ಆರನೇ ತಿಂಗಳು ಅನುಕೂಲದ ಸಮಯ.

ಎಳ್ಳೆಣ್ಣೆ ಬಾಯಲ್ಲಿಟ್ಟು ಮುಕ್ಕಳಿಸುವ ಅಭ್ಯಾಸವಿದ್ದರೆ ಇರಲಿ. ಅದು ಬ್ರಷ್‌ಗೆ ಬದಲಲ್ಲ, ಹುಳುಕು ಹಲ್ಲನ್ನು ಸರಿ ಮಾಡುವುದೂ ಇಲ್ಲ. ಲವಂಗ ನೋವನ್ನು ಸ್ವಲ್ಪ ಹೊತ್ತು ಮರಗಟ್ಟಿಸುತ್ತದೆ, ಅಷ್ಟೇ.

ಈ ಮೂರು ಮಾತು ಮಾತ್ರ ಮರೆಯಬೇಡಿ:

* ಕೆಳದವಡೆ ಹಲ್ಲಿನ ನೋವಿನ ಜೊತೆ ಗದ್ದದ ಕೆಳಗೆ ಊತ, ನುಂಗಲು ಕಷ್ಟ, ಜ್ವರ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಸೋಂಕು ಕುತ್ತಿಗೆಗೆ ಇಳಿದರೆ ಉಸಿರಾಟವೇ ಕಟ್ಟಬಹುದು.

* ಹಲ್ಲಿನಲ್ಲಿ ತೊಂದರೆಯಿಲ್ಲದೆ ದವಡೆ ನೋವು ಬಂದು, ಜೊತೆಗೆ ಬೆವರು, ಏದುಸಿರು, ಹೊಟ್ಟೆ ತೊಳಸುವುದು ಇದ್ದರೆ ಅದು ಹೃದಯಾಘಾತ ಇರಬಹುದು. ಹೆಂಗಸರಲ್ಲಿ ಎದೆನೋವೇ ಇಲ್ಲದೆಯೂ ಹೀಗಾಗುವುದುಂಟು. ಹಲ್ಲಿನ ಡಾಕ್ಟರ ಹತ್ತಿರ ಅಲ್ಲ, ನೇರ ದೊಡ್ಡ ಆಸ್ಪತ್ರೆಗೆ ಹೋಗಿ.

* ಹಲ್ಲು ಕೀಳಿಸುವ ಮುಂಚೆ ನೀವು ನುಂಗುವ ಎಲ್ಲ ಮಾತ್ರೆಗಳ ಹೆಸರು ಹೇಳಿ. ಮೂಳೆ ಸವೆತದ ಔಷಧ, ರಕ್ತ ತೆಳುವಾಗಿಸುವ ಮಾತ್ರೆಗಳನ್ನಂತೂ ತಪ್ಪದೇ ಹೇಳಿ. ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ.

ಖರ್ಚಿನ ಚಿಂತೆಯೇ? ವಿಕ್ಟೋರಿಯಾ ಆಸ್ಪತ್ರೆಯ ಬಳಿ, 1958ರಲ್ಲಿ ಶುರುವಾದ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿದೆ. ಮಾರ್ಕೆಟ್ ಬಸ್ ಹತ್ತಿದರೆ ಆಯಿತು. ಅಲ್ಲಿ ಕಡಿಮೆ ಖರ್ಚಿನಲ್ಲಿ ತೋರಿಸಿಕೊಳ್ಳಬಹುದು.

ಮನೆಯವರೆಲ್ಲರ ಡಾಕ್ಟರ ದಿನಾಂಕಗಳು ಕ್ಯಾಲೆಂಡರಿನಲ್ಲಿ ನಿಮ್ಮದೇ ಕೈಬರಹದಲ್ಲಿ ಇರುತ್ತವಲ್ಲ, ಈ ತಿಂಗಳು ಅದರಲ್ಲಿ ನಿಮ್ಮ ಹೆಸರನ್ನೂ ಬರೆದುಕೊಳ್ಳಿ.