ಗ್ರಂಥಾಲಯ ಉಪಕರ: ತೆತ್ತವರು ಕೇಳಬೇಕಾದ ಲೆಕ್ಕ

ಏಪ್ರಿಲ್ ತಿಂಗಳು ಬಂತೆಂದರೆ ಬೆಂಗಳೂರಿನ ವರ್ತಕರೂ ಸಣ್ಣ ಕೈಗಾರಿಕೋದ್ಯಮಿಗಳೂ ರಿಯಾಯಿತಿಯ ಅವಧಿ ಮೀರುವ ಮುನ್ನ ಆಸ್ತಿ ತೆರಿಗೆ ಪಾವತಿಸಲು ಧಾವಿಸುತ್ತಾರೆ. ಆ ತೆರಿಗೆಯ ಪ್ರತಿ ರೂಪಾಯಿಯ ಮೇಲೆ ಆರು ಪೈಸೆ ಗ್ರಂಥಾಲಯ ಉಪಕರವಾಗಿ ಸೇರಿರುತ್ತದೆಂಬುದನ್ನು ಗಮನಿಸುವವರು ವಿರಳ. ಒಂದು ಲಕ್ಷ ರೂಪಾಯಿ ತೆರಿಗೆಯ ಮಳಿಗೆಯಿಂದ ವರ್ಷಕ್ಕೆ 6,000 ರೂಪಾಯಿ. ಇದೇ ವರ್ತಕರು ನಾಲ್ವರು ಸೇರಿದಲ್ಲೆಲ್ಲ ಕೇಳಿಬರುವ ದೂರು ಬೇರೆಯೇ: ಕೆಲಸಕ್ಕೆ ಬರುವ ಹುಡುಗರಿಗೆ ನಕ್ಷೆ ಓದಲು ಬಾರದು, ಬಿಲ್ಲು ಬರೆಯಲು ಬಾರದು, ಗಿರಾಕಿಗೆ ನಾಲ್ಕು ಸಾಲಿನ ಪತ್ರ ಬರೆಯಲೂ ತಿಳಿಯದು. ಕಟ್ಟಿದ ಉಪಕರವನ್ನೂ ಈ ದೂರನ್ನೂ ಒಂದೆಡೆ ಇಟ್ಟು ನೋಡುವ ಕಾಲ ಬಂದಿದೆ.

ಗ್ರಂಥಾಲಯಕ್ಕೂ ವಾಣಿಜ್ಯಕ್ಕೂ ಈ ರಾಜ್ಯದಲ್ಲಿ ಹಳೆಯ ನಂಟು. ಕಬ್ಬನ್ ಉದ್ಯಾನದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ಸಾರ್ವಜನಿಕ ಗ್ರಂಥಾಲಯ ಬೇರೂರಿದ್ದೂ, 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿ ಹುಟ್ಟಿದ್ದೂ ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿಯೇ. ಅವರ ದೃಷ್ಟಿಯಲ್ಲಿ ಅವೆರಡೂ ಒಂದೇ ಯೋಜನೆಯ ಭಾಗಗಳಾಗಿದ್ದವೆಂದರೆ ತಪ್ಪಾಗಲಾರದು. ಗ್ರಂಥಾಲಯ ವಿಜ್ಞಾನದ ಪಿತಾಮಹ ಡಾ. ಎಸ್.ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದೂ ಬೆಂಗಳೂರಿನಲ್ಲೇ. ಉಪಕರಕ್ಕೆ ಆಧಾರವಾದ ಸಾರ್ವಜನಿಕ ಗ್ರಂಥಾಲಯ ಕಾಯಿದೆ 1965ರಲ್ಲಿ ಅಂಗೀಕಾರವಾಯಿತು. ಓದುಗ ದಾನಿಗಳ ಮರ್ಜಿಗೆ ಕಾಯಬಾರದು, ಗ್ರಂಥಾಲಯಕ್ಕೆ ನಿಶ್ಚಿತ ಆದಾಯವಿರಬೇಕು ಎಂಬುದೇ ಉಪಕರದ ಹಿಂದಿನ ತರ್ಕ.

ಆ ನಿಶ್ಚಿತ ಆದಾಯವೇ ದಾರಿಯಲ್ಲಿ ನಿಂತುಹೋಗಿದೆ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಸಂಗ್ರಹಿಸಿದ ಉಪಕರದಲ್ಲಿ ನೂರಾರು ಕೋಟಿ ರೂಪಾಯಿ ಗ್ರಂಥಾಲಯ ಇಲಾಖೆಗೆ ಸಲ್ಲದೆ ಬಾಕಿ ಉಳಿದಿರುವುದು ಪತ್ರಿಕೆಗಳಲ್ಲಿ ಪದೇ ಪದೇ ವರದಿಯಾಗಿದೆ. ಗಿರಾಕಿಯಿಂದ ಜಿಎಸ್‌ಟಿ ಪಡೆದು ಸರ್ಕಾರಕ್ಕೆ ಕಟ್ಟದ ವರ್ತಕನಿಗೆ ಬಡ್ಡಿ, ದಂಡಗಳ ನೋಟಿಸು ಬರುತ್ತದೆ; ಇಲ್ಲಿ ಯಾವ ನೋಟಿಸೂ ಕಾಣದು.

ಇದರ ಪರಿಣಾಮವೇನೆಂಬುದಕ್ಕೆ ಸಂಜಯನಗರದಂಥ ಬಡಾವಣೆಯನ್ನು ಯೋಚಿಸಬಹುದು. ಒಂದು ಪಕ್ಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ಯಶವಂತಪುರದ ಮಾರುಕಟ್ಟೆ ಪ್ರಾಂಗಣ. ಅದರಾಚೆ ಪೀಣ್ಯದ ಸಾವಿರಾರು ಸಣ್ಣ ಕಾರ್ಖಾನೆಗಳು. ಭೂಪಸಂದ್ರ, ಗೆದ್ದಲಹಳ್ಳಿ, ನಾಗಶೆಟ್ಟಿಹಳ್ಳಿಗಳ ಪುಟ್ಟ ಬಾಡಿಗೆ ಮನೆಗಳಲ್ಲಿ ಬೆಳೆಯುವ ಹದಿನೈದು ಹದಿನಾರರ ಮಕ್ಕಳಿಗೆ ಈ ಯಾವುದೂ ದೂರವಲ್ಲ, ಆದರೆ ಯಾವುದರ ಬಾಗಿಲೂ ತೆರೆದಿಲ್ಲ. ಬಡಾವಣೆಯ ಗ್ರಂಥಾಲಯಗಳಲ್ಲಿ ಸಾಮಾನ್ಯವಾಗಿ ಕಾಣುವುದು ಬೆಳಗಿನ ಪತ್ರಿಕೆಗೆ ಬರುವ ಹಿರಿಯರು, ಸ್ಪರ್ಧಾತ್ಮಕ ಪರೀಕ್ಷೆಗೆ ಕುಳಿತ ಪದವೀಧರರು, ಮೂಲೆಯಲ್ಲೊಂದು ಮಕ್ಕಳ ಕಪಾಟು. ಎಸ್ಸೆಸ್ಸೆಲ್ಸಿಯ ಆಸುಪಾಸಿನವರಿಗೆ ಕಥೆಪುಸ್ತಕದ ಕಪಾಟು ಚಿಕ್ಕದು, ಕೆಎಎಸ್ ಮಾರ್ಗದರ್ಶಿ ದೊಡ್ಡದು.

ಈ ವಯಸ್ಸಿನವರನ್ನು ಯಂತ್ರದ ಮುಂದೆ ನಿಲ್ಲಿಸಿ ಕಲಿಸೋಣವೆಂದರೆ, ಅಪಾಯಕಾರಿ ಕೆಲಸಗಳಿಗೆ 18 ತುಂಬದವರನ್ನು ನೇಮಿಸುವುದನ್ನು 2016ರ ತಿದ್ದುಪಡಿಯ ತರುವಾಯ ಕಾನೂನು ನಿಷೇಧಿಸುತ್ತದೆ. ಅದು ಸರಿಯೂ ಹೌದು. ಹಾಗಾದರೆ ಹದಿನಾಲ್ಕರಿಂದ ಹದಿನೆಂಟರವರೆಗಿನ ನಾಲ್ಕು ವರ್ಷ ಎಲ್ಲಿ ಕಳೆಯಬೇಕು? ಷಿಕಾಗೋ ನಗರದ ಕೇಂದ್ರ ಗ್ರಂಥಾಲಯ 2009ರಲ್ಲಿ ಹದಿಹರೆಯದವರಿಗೆಂದೇ ಪ್ರತ್ಯೇಕ ವಿಭಾಗವನ್ನು ತೆರೆದು, ಪುಸ್ತಕದ ಜೊತೆಗೆ ಕಂಪ್ಯೂಟರು, ಕ್ಯಾಮೆರಾ, ಧ್ವನಿಮುದ್ರಣದ ಸಲಕರಣೆಗಳನ್ನೂ ಅವರ ಕೈಗಿತ್ತಿತು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಇದೇ ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಯ ವಶಕ್ಕೆ ಬಂದ ಮೇಲೆ, 2020ರ 'ಓದುವ ಬೆಳಕು' ಅಭಿಯಾನದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ಹಳ್ಳಿಗಳಲ್ಲಿ ಸಾಧ್ಯವಾದದ್ದು ರಾಜಧಾನಿಯಲ್ಲಿ ಏಕೆ ಆಗದು?

ದೊಡ್ಡ ಕಟ್ಟಡದ ಅಗತ್ಯವೂ ಇಲ್ಲ. ಒಂದು ಮೇಜು, ಎರಡು ಕಂಪ್ಯೂಟರು, ಒಂದು ಕಪಾಟು. ಅದರಲ್ಲಿ ಐಟಿಐ ಫಿಟ್ಟರ್, ಎಲೆಕ್ಟ್ರಿಷಿಯನ್ ಪಠ್ಯಗಳು, ಭಾರತೀಯ ಮಾನಕ ಬ್ಯೂರೋ ಶಾಲಾ ಕಾಲೇಜುಗಳಿಗೆಂದೇ ಹೊರತಂದಿರುವ ಯಂತ್ರನಕ್ಷೆಯ ಕೈಪಿಡಿ ಎಸ್‌ಪಿ 46, ಲೆಕ್ಕಪತ್ರದ ಪುಸ್ತಕಗಳು, ನಿಘಂಟು. ವರ್ತಕರು ಕೊಡಬಹುದಾದದ್ದೂ ಇದೆ: ಹಳೆಯ ಕ್ಯಾಟಲಾಗುಗಳು, ಕೆಲಸ ಮುಗಿದ ಗುಟ್ಟಿಲ್ಲದ ನಕ್ಷೆಗಳು, ಒಂದು ವರ್ನಿಯರ್ ಕ್ಯಾಲಿಪರ್, ಹೆಸರು ಅಳಿಸಿದ ಇನ್‌ವಾಯ್ಸು, ಇ-ವೇ ಬಿಲ್ಲು. ಮಿಲಿಮೀಟರಿನ ನೂರನೆಯ ಎರಡು ಭಾಗ ಕೈಯಲ್ಲಿ ಎಷ್ಟು ಎಂಬುದನ್ನು ಒಮ್ಮೆ ಅಳೆದು ನೋಡಿದ ಬಾಲಕಿಗೆ ನಕ್ಷೆಯ ಮೇಲಿನ ಅಂಕಿ ಬರಿಯ ಅಂಕಿಯಾಗಿ ಉಳಿಯುವುದಿಲ್ಲ.

"ಕಲಿಸಿದ ಹುಡುಗ ನಾಳೆ ಪಕ್ಕದ ಕಾರ್ಖಾನೆಗೆ ಹೋಗುತ್ತಾನೆ" ಎಂಬ ಆಕ್ಷೇಪ ಹಳೆಯದು, ಸುಳ್ಳೂ ಅಲ್ಲ. ಒಬ್ಬನೇ ಮಾಲೀಕ ತನ್ನ ಖರ್ಚಿನಲ್ಲಿ ಕಲಿಸುವಾಗ ಆ ನಷ್ಟ ಅವನದೇ. ಎಲ್ಲರೂ ತೆತ್ತ ಉಪಕರದಲ್ಲಿ ಕಲಿತವನು ಯಾರಲ್ಲಿಗೆ ಹೋದರೂ ಹಣ ತೆತ್ತವರಲ್ಲಿಗೇ ಹೋದಂತೆ. ಮೂವತ್ತು ಅಥವಾ ಹೆಚ್ಚು ಕೆಲಸಗಾರರಿರುವ ಘಟಕ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕೆಂದು 2019ರ ನಿಯಮ ಹೇಳುತ್ತದೆ. ನಾಲ್ವರಿಂದ ಮೇಲ್ಪಟ್ಟ ಘಟಕಕ್ಕೆ ಅದು ಐಚ್ಛಿಕ. ಓದಲು, ಅಳೆಯಲು ಬಲ್ಲವರು ದೊರೆತರೆ ಚಿಕ್ಕ ಘಟಕಗಳೂ ಆ ದಾರಿ ಹಿಡಿದಾವು.

2025ರ ಸೆಪ್ಟೆಂಬರಿನಲ್ಲಿ ನಗರದ ಆಡಳಿತ ಐದು ಪಾಲಿಕೆಗಳಾಗಿ ಹಂಚಿಹೋಗಿದೆ. ಹಳೆಯ ಬಾಕಿ ಯಾರ ಹೆಸರಿಗೆ ಎಂಬ ಪ್ರಶ್ನೆಯನ್ನು ಬಜೆಟ್ ಪೂರ್ವ ಸಭೆಗಳಲ್ಲಿಯೇ ವಾಣಿಜ್ಯ ಸಂಘಗಳು ಎತ್ತಬೇಕು. ವಾರ್ಡುವಾರು ಸಂಗ್ರಹ ಮತ್ತು ವರ್ಗಾವಣೆಯ ಪಟ್ಟಿಯನ್ನು ಲಿಖಿತವಾಗಿ ಕೇಳಬೇಕು. ಉತ್ತರ ಬರುವವರೆಗೆ ಕಾಯದೆ ಮಾಡಬಹುದಾದ ಕೆಲಸವೊಂದಿದೆ. ಸಾರ್ವಜನಿಕ ಗ್ರಂಥಾಲಯಗಳ ವಾರದ ರಜೆ ಸೋಮವಾರ. ಭಾನುವಾರ ಅವು ತೆರೆದಿರುತ್ತವೆ. ಅಂದು ಕಾರ್ಖಾನೆಗಳಿಗೆ ಬಿಡುವು, ಶಾಲೆಗಳಿಗೂ ಬಿಡುವು. ನುರಿತ ಟರ್ನರ್ ಒಬ್ಬನನ್ನೋ, ಲೆಕ್ಕ ಬರೆಯುವವರನ್ನೋ ತಿಂಗಳಿಗೊಂದು ಭಾನುವಾರ ಎರಡು ಗಂಟೆ ಅಲ್ಲಿಗೆ ಕಳುಹಿಸಿ, ಅವರಿಗೆ ಆ ದಿನದ ಓವರ್‌ಟೈಮ್ ಕೊಡುವುದು ಹತ್ತು ಜನರ ಘಟಕಕ್ಕೂ ಭಾರವಾಗದು.