ಮನೆಗೆ ಬಂದ ಮುಷ್ಟಿಯುದ್ಧ

ಮುಷ್ಟಿಯುದ್ಧದ ಚಿತ್ರವೆಂದೊಡನೆ ನಮ್ಮ ಸಹಪಾಠಿಗಳಿಗೆ 2019ರ ‘ಪೈಲ್ವಾನ್’ ನೆನಪಾಗುತ್ತದೆ. ಸುದೀಪರು ಅದರ ನಾಯಕರು. ಮೂಡಬಿದಿರೆಗೆ ದೂರವಲ್ಲದ ಮುಲ್ಕಿಯಲ್ಲಿ ಹುಟ್ಟಿದ ಸುನಿಲ್ ಶೆಟ್ಟರೂ ಅದರಲ್ಲಿದ್ದಾರೆ. ಕುಸ್ತಿಯ ಹುಡುಗನೊಬ್ಬ ಬಾಕ್ಸಿಂಗ್ ಕಣಕ್ಕಿಳಿದು ಗೆಲ್ಲುವುದನ್ನು ನೋಡಿ ಸಂತೋಷಪಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಕಣದಲ್ಲಿ ಗೆದ್ದವನು ಮನೆಯಲ್ಲಿ ಹೇಗಿರುತ್ತಾನೆ?

ಈ ಪ್ರಶ್ನೆಯನ್ನೆತ್ತಿದ ಚಿತ್ರ, ಅಮೆರಿಕದ ಮಾರ್ಟಿನ್ ಸ್ಕಾರ್ಸೆಸೆ ನಿರ್ದೇಶಿಸಿ 1980ರಲ್ಲಿ ತೆರೆಕಂಡ ‘ರೇಜಿಂಗ್ ಬುಲ್’. 1949ರಲ್ಲಿ ಮಿಡ್ಲ್‌ವೇಟ್ ವಿಭಾಗದ ವಿಶ್ವವಿಜೇತನಾದ ಜೇಕ್ ಲಾಮೊಟ್ಟಾನ ಬಾಳೇ ಅದರ ಕಥಾವಸ್ತು. ನಾಯಕ ರಾಬರ್ಟ್ ಡಿ ನೀರೊ ಈ ಪಾತ್ರಕ್ಕಾಗಿ ಸುಮಾರು 27 ಕಿಲೋ ತೂಕ ಹೆಚ್ಚಿಸಿಕೊಂಡು ಆಸ್ಕರ್ ಪ್ರಶಸ್ತಿಗೂ ಪಾತ್ರರಾದರು. ಮನೆಯಲ್ಲಿ ನೋಡುವವರಿಗಾಗಿ ಇದರ ಹೊಸ, ಸ್ಪಷ್ಟವಾದ ಪ್ರತಿ 2022ರಲ್ಲಿ ಡಿಸ್ಕಿನ ರೂಪದಲ್ಲಿ ಬಂದಿತು.

ಕಳೆದ ರಜೆಯಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ನಾವು ನಾಲ್ವರು ಗೆಳೆಯರು ನಮ್ಮ ಮನೆಯಲ್ಲಿ ಕಲೆತು ಈ ಚಿತ್ರವನ್ನು ನೋಡಿದೆವು. ಕಣದ ಹೊಡೆದಾಟ ಮುಗಿದೊಡನೆ ಒಬ್ಬನೆಂದ: “ಮನೆಯ ಗೋಳು ಯಾರಿಗೆ ಬೇಕು ಮಾರಾಯ, ಮುಂದಕ್ಕೆ ಓಡಿಸು.” ಮೂಲೆಯಲ್ಲಿ ಬೀಡಿ ಕಟ್ಟುತ್ತಿದ್ದ ಅಮ್ಮ ತಲೆಯೆತ್ತಿ, “ಓಡಿಸಬೇಡ ಮಗಾ, ಇರಲಿ” ಎಂದರು. ಅವರಿಗೆ ಇಂಗ್ಲಿಷ್ ಬಾರದು. ಲಾಮೊಟ್ಟಾ ಟಿ.ವಿ. ಸರಿಮಾಡುತ್ತ ಕುಳಿತವನು, ಸಂಶಯದಿಂದ ಎದ್ದು, ಬಚ್ಚಲುಮನೆಯ ಬಾಗಿಲು ಒಡೆದು ಹೆಂಡತಿಯನ್ನು ಹೊಡೆಯುತ್ತಾನೆ. ಮತ್ತೆ ತಮ್ಮನ ಮನೆಗೆ ಹೋಗಿ ಮಕ್ಕಳೆದುರಿಗೇ ಅವನನ್ನೂ ಬಡಿಯುತ್ತಾನೆ. ಅಮ್ಮನ ಕೈಯ ಕತ್ತರಿ ನಿಂತಿತ್ತು. “ಅಲ್ಲಿ ಹೊಡೆದಾಟ ನಿಲ್ಲಿಸಲು ಗಂಟೆ ಬಾರಿಸುವವರಿದ್ದಾರೆ. ಇಲ್ಲಿ ಯಾರಿದ್ದಾರೆ?” ಎಂದಷ್ಟೇ ಕೇಳಿದರು.

ನಾನು ಉತ್ತರಿಸಲಿಲ್ಲ. ನನ್ನ ಮೊಬೈಲ್ ಮುಟ್ಟಿದಳೆಂದು ತಂಗಿಯ ಮೇಲೆ ನಾನು ಕೈಮಾಡಿ ತಿಂಗಳಾಗಿರಲಿಲ್ಲ. ಆ ದಿನ ಅಮ್ಮ ಏನೂ ಅಂದಿರಲಿಲ್ಲ.

ಇಡೀ ಚಿತ್ರ ಕಪ್ಪು ಬಿಳುಪಿನದು. ಮದುವೆ, ಮಕ್ಕಳು ಮುಂತಾದ ಸಂಭ್ರಮಗಳನ್ನು ಮನೆಯವರೇ ತೆಗೆದರೆಂಬಂತಿರುವ ತುಣುಕುಗಳಿಗೆ ಮಾತ್ರ ಬಣ್ಣವಿದೆ. ಆ ಬಣ್ಣದ ಮನೆಯನ್ನು ಲಾಮೊಟ್ಟಾ ತನ್ನ ಕೈಯಿಂದಲೇ ಕಳೆದುಕೊಂಡ. ಕೊನೆಗೆ ಸೆರೆಮನೆಯ ಗೋಡೆಯನ್ನು ಗುದ್ದಿ ಅಳುವ ಅವನೆದುರು ಎದುರಾಳಿಯೇ ಇಲ್ಲ.

ಇಂಥ ಚಿತ್ರವನ್ನು ಮನೆಮಂದಿಯೊಡನೆ ನೋಡಬಹುದೆ ಎಂದು ಹಿರಿಯರು ಕೇಳಬಹುದು. ಎಳೆಯ ಮಕ್ಕಳಿಗೆ ಇದು ತಕ್ಕುದಲ್ಲ. ಆದರೆ ಕಾಲೇಜಿನ ಮೆಟ್ಟಿಲೇರಿದ ನಾವು ನೋಡತಕ್ಕದ್ದೇ. ಚಿತ್ರಮಂದಿರದಿಂದ ಹೊರಬಿದ್ದರೆ ದಾರಿಯಲ್ಲಿ ಮರೆತೇವು. ಮನೆಯಲ್ಲಿ ನೋಡಿದರೆ ಎದ್ದು ಹೋಗುವುದು ಅದೇ ಅಡುಗೆಮನೆಗೆ, ಅದೇ ಅಕ್ಕತಂಗಿಯರೆದುರಿಗೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ ಕಾಯಿದೆ 2005ರಲ್ಲೇ ಬಂದಿದೆ. ಆದರೂ ಎತ್ತಿದ ಕೈಯನ್ನು ಮೊದಲು ಇಳಿಸಬೇಕಾದವರು ನಾವೇ.

ಮಿತ್ರರೆ, ಈ ಚಿತ್ರವನ್ನು ನೋಡಿರಿ. ಮನೆಯ ಭಾಗವನ್ನು ಓಡಿಸದೆ ನೋಡಿರಿ. ನಾನಂತೂ ಆ ರಾತ್ರಿ ತಂಗಿಯ ಕ್ಷಮೆ ಕೇಳಿದೆ. ಅವಳು ಇನ್ನೂ ಪೂರ್ತಿ ನಂಬಿಲ್ಲ.